ಎರೆಹುಳುಗಳ ಬಾಟಲಿ

ಶಾಲೆಯ ಹಳೆಯ ಕೊಠಡಿಗಳನ್ನು ಕೆಡವುತ್ತಾರೆಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದರು. "ಮೇಡಂ, ನಿಮ್ಮ ಬೀರುವಿನಲ್ಲಿರೋ ಬಾಟಲಿಗಳನ್ನ ಏನು ಮಾಡೋಣ? ವಾಸನೆ ತಡೆಯೋಕಾಗಲ್ಲ ಅಂತಾರೆ ಮಕ್ಕಳು. ಈಗೆಲ್ಲ ನಾವು ಗೋಡೆ ಮೇಲೆ ವಿಡಿಯೊ ತೋರಿಸ್ತೀವಿ."

"ಹತ್ತಕ್ಕೆ ಬರ್ತೀನಿ" ಎಂದೆ. ಹತ್ತಕ್ಕೆ ಐದು ನಿಮಿಷವಿದ್ದಾಗ ಗೇಟಿನಲ್ಲಿದ್ದೆ. ಬೀರುವಿನ ಬೀಗದ ಕೈ ಹುಡುಕಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ದೊಡ್ಡಬಳ್ಳಾಪುರದ ಹತ್ತಿರದ ಆ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು. ಬೀರು ಸರ್ಕಾರ ಕೊಟ್ಟದ್ದು, ಒಳಗಿದ್ದದ್ದೆಲ್ಲ ನಾನು ಕೂಡಿಸಿದ್ದು. ಮೇಲಿನ ಅರೆಯಲ್ಲಿ ಸ್ಪಂಜು, ಅದರ ಕೆಳಗೆ ಲಾಡಿಹುಳು, ಜಂತುಹುಳು, ಎರೆಹುಳು. ಮೂರನೆಯದರಲ್ಲಿ ಸಂಧಿಪದಿಗಳು: ಚೇಳು, ಜರಿ, ಕೆರೆ ಏಡಿ, ರೇಷ್ಮೆಹುಳು. ಆಮೇಲೆ ಶಂಖದ ಹುಳು, ನಕ್ಷತ್ರಮೀನು. ಕೊನೆಯ ಎರಡು ಅರೆ ಬೆನ್ನುಮೂಳೆಯವಕ್ಕೆ: ಮೀನು, ಕಪ್ಪೆ, ಹಲ್ಲಿ, ಕರೆಂಟ್ ತಂತಿಗೆ ಸಿಕ್ಕಿ ಸತ್ತ ಒಂದು ಬಾವಲಿ. ಎಲ್ಲವೂ ಉಪ್ಪಿನಕಾಯಿ ಬಾಟಲಿಗಳಲ್ಲಿ, ಫಾರ್ಮಲಿನ್‌ನಲ್ಲಿ. ಪ್ರತಿ ಬಾಟಲಿಗೂ ಒಂದು ಚೀಟಿ. ವಂಶ, ಹೆಸರು, ಸಿಕ್ಕ ಜಾಗ, ಕೊನೆಯ ಸಾಲಿನಲ್ಲಿ 'ಗುರುತಿಸಿದವರು'. ಆ ಸಾಲಿನಲ್ಲಿ ಎಲ್ಲ ಕಡೆಯೂ ನನ್ನ ಹೆಸರೇ.

ಯಾರಿಗೂ ಬೇಡವಾದ ಮೇಲೆ ಹೂಳಬೇಕು. ಜವಾನ ಹಿತ್ತಲಲ್ಲಿ ಗುಂಡಿ ತೋಡಿದ. ನಾನು ಅರೆಯ ಕ್ರಮದಲ್ಲೇ ಒಂದೊಂದಾಗಿ ಬಾಟಲಿ ಬಿಚ್ಚಿದೆ. ಎರೆಹುಳುಗಳ ಬಾಟಲಿಯಲ್ಲಿ ದ್ರಾವಣ ಯಾವಾಗಲೋ ಆರಿಹೋಗಿತ್ತು. ಪೇಪರಿನ ಮೇಲೆ ಸುರಿದೆ. ಐದು ಎರೆಹುಳು ಒಣಗಿ ಹಳೆಯ ದಾರದ ಹಾಗೆ ಮುರುಟಿದ್ದವು. ಆರನೆಯದು ಮುರುಟಿರಲಿಲ್ಲ. ನೆಟ್ಟಗಿತ್ತು, ಹೊಳೆಯುತ್ತಿತ್ತು.

ಚೀಲದಿಂದ ಭೂತಗನ್ನಡಿ ತೆಗೆದೆ. ಮೈತುಂಬ ಹುರುಪೆ, ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಜೋಡಿಸಿದ್ದು. ತಲೆಯಲ್ಲಿ ಹುರುಪೆಯ ಅಡಿ ಎರಡು ಕಪ್ಪು ಚುಕ್ಕೆ, ಕಣ್ಣು. ಹೊಟ್ಟೆಯ ಕಡೆ ಚರ್ಮ ಬಿರಿದಲ್ಲಿ ಸೂಜಿಗಿಂತ ಸಣ್ಣ ಬೆನ್ನುಮೂಳೆ. ಹೂಕುಂಡದ ಮಣ್ಣಿನಲ್ಲಿ, ತೋಟ ಅಗೆಯುವಾಗ ಸಿಗುವ ಹುಳುಹಾವು ಅದು. ಗೇಣುದ್ದವೂ ಬೆಳೆಯದ, ಯಾರನ್ನೂ ಕಚ್ಚದ ಹಾವು. ಅದು ಇರಬೇಕಾದದ್ದು ಕೊನೆಯ ಅರೆಯಲ್ಲಿ. ನಾನು ಇಟ್ಟದ್ದು ಎರಡನೆಯದರಲ್ಲಿ.

ನನಗೆ ತಕ್ಷಣ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ನೆನಪಾದಳು.

ಪ್ರಾಣಿಗಳ ವರ್ಗೀಕರಣದ ಪಾಠ ಮುಗಿದ ಮೇಲೆ ಒಂದು ಪರೀಕ್ಷೆ ಇಡುತ್ತಿದ್ದೆ. ಹತ್ತು ತಟ್ಟೆ, ಹತ್ತು ಪ್ರಾಣಿ. ಎರಡು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುತ್ತಿದ್ದೆ, ಮಕ್ಕಳು ಮುಂದಿನ ತಟ್ಟೆಗೆ ಸರಿಯಬೇಕಿತ್ತು. ಹೆಸರು, ವಂಶ, ಎರಡು ಕಾರಣ. ಆ ವರ್ಷ ಎರೆಹುಳುವಿನ ತಟ್ಟೆಗೆ ಬಾಟಲಿಯಿಂದ ಒಂದನ್ನು ಚಿಮಟದಲ್ಲಿ ಎತ್ತಿಟ್ಟೆ. ಇದ್ದವುಗಳಲ್ಲಿ ನೆಟ್ಟಗಿದ್ದದ್ದನ್ನೇ ಆರಿಸಿದೆ. ವಕ್ರವಾದದ್ದು ನನಗೆ ಆಗುತ್ತಿರಲಿಲ್ಲ.

ಇಡೀ ತರಗತಿ 'ಎರೆಹುಳು, ವಲಯವಂತ' ಎಂದು ಬರೆಯಿತು. ಈ ಹುಡುಗಿ ಮಾತ್ರ ಬರೆದಳು: 'ಹಾವು. ಕಶೇರುಕ. ಮೈಮೇಲೆ ಹುರುಪೆ ಇದೆ. ಎರೆಹುಳುವಿನ ಕುತ್ತಿಗೆಯಲ್ಲಿರುವ ಪಟ್ಟಿ ಇಲ್ಲ.' ನಾನು ತಿದ್ದಿದ್ದು ಸ್ಟಾಫ್ ರೂಮಿನಲ್ಲಿ, ಯಾವ ತಟ್ಟೆಯಲ್ಲಿ ಏನೆಂದು ಬರೆದಿಟ್ಟ ರಿಜಿಸ್ಟರ್ ನೋಡಿಕೊಂಡು. ತಟ್ಟೆಯ ಹತ್ತಿರ ಹೋಗಲಿಲ್ಲ. ಸೊನ್ನೆ ಹಾಕಿದೆ. ಮಾರನೆಯ ದಿನ ಅವಳ ಉತ್ತರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. "ಮಿಸ್, ಒಂದ್ಸಲ ನೋಡಿ ಮಿಸ್" ಎಂದಳು. ಎದುರು ಮಾತಾಡಿದ್ದಕ್ಕೆ ಆ ಪೀರಿಯಡ್ ಪೂರ್ತಿ ಹೊರಗೆ ನಿಲ್ಲಿಸಿದೆ.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಹತ್ತನೇ ತರಗತಿ ಮುಗಿದಾಗ ಅವಳ ತಂದೆ ಬಂದರು, ರೇಷ್ಮೆ ಬೆಳೆಯುವವರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೇಳಿದರು: "ಮೇಡಮ್ಮೋರೆ, ಮಗಳು ಸೈನ್ಸೇ ತಗೋತೀನಿ ಅಂತ ಹಟ ಹಿಡಿದವಳೆ. ದೂರದ ಕಾಲೇಜು. ಕಳಿಸ್ಲಾ?" ನಾನು ಮಕ್ಕಳ ಅಂಕ ಬರೆದಿಡುವ ನನ್ನ ಡೈರಿ ತೆರೆದು ನೋಡಿದೆ, ಆ ಸೊನ್ನೆ ಕಂಡಿತು. "ಹುಳಕ್ಕೂ ಹಾವಿಗೂ ವ್ಯತ್ಯಾಸ ಗೊತ್ತಿಲ್ಲ ಅವಳಿಗೆ. ಸೈನ್ಸ್ ಬೇಡ" ಎಂದೆ. ಅವರು ಕೈಮುಗಿದು ಹೋದರು. ಇಡೀ ಮಾತುಕತೆ ಐದು ನಿಮಿಷ ಹಿಡಿದಿರಲಿಲ್ಲ.

ಹುಳುಹಾವನ್ನು ಹತ್ತಿಯಲ್ಲಿ ಸುತ್ತಿ ಒಂದು ಚಿಕ್ಕ ಬಾಟಲಿಗೆ ಹಾಕಿದೆ. ಉಳಿದದ್ದನ್ನೆಲ್ಲ ಹೂಳಿಸಿದೆ. ಆ ಹುಡುಗಿ ಎಲ್ಲಿದ್ದಾಳೆಂದು ಬಿಸಿಯೂಟ ಮಾಡುವ ಹೆಂಗಸಿಗೆ ಗೊತ್ತಿತ್ತು, ಇಬ್ಬರದೂ ಒಂದೇ ಊರು. "ದೇವನಹಳ್ಳಿ ಕಡೆ ಕೊಟ್ರು ಮಿಸ್. ಅವ್ಳ ಹುಳದ ಮನೆ ಅಂದ್ರೆ ಎಲ್ರೂ ತೋರಿಸ್ತಾರೆ." ಎರಡು ಸಲ ಸೋಪು ಹಾಕಿ ಕೈ ತೊಳೆದು ಬಸ್ಸು ಹತ್ತಿದೆ.

ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಉದ್ದನೆಯ ಶೆಡ್ಡು, ಸೊಳ್ಳೆಪರದೆಯ ಬಾಗಿಲು, ಮುಂದೆ ಸುಣ್ಣದ ಪುಡಿ. ಒಳಗಿನಿಂದ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಅವಳೇ ಬಾಗಿಲಿಗೆ ಬಂದಳು. ನಲವತ್ತು ದಾಟಿದ ಹೆಂಗಸು, ತಲೆಗೆ ಟವಲು ಕಟ್ಟಿದ್ದಳು. ಗುರುತು ಹಿಡಿದಳು. ಕಾಲು ಮುಂದಿಟ್ಟೆ.

"ಮಿಸ್, ಅಲ್ಲೇ ನಿಂತ್ಕೊಳಿ" ಎಂದಳು. "ಮೈಮೇಲೆ ಫಾರ್ಮಲಿನ್ ವಾಸ್ನೆ ಐತೆ. ಬೆಳೆ ತೆಗೆದ್ಮೇಲೆ ಮನೆ ತೊಳೆಯೋಕೆ ಹಾಕ್ತೀವಿ ಅದನ್ನ. ಹುಳ ಇರೋವಾಗ ಹತ್ರಕ್ಕೆ ತರಂಗಿಲ್ಲ. ನಾಲ್ಕನೇ ಜ್ವರ ಎದ್ದು ಮೂರು ದಿನ ಆಗೈತೆ."

ಅಂದರೆ ಕೊನೆಯ ಸಲ ಪೊರೆ ಬಿಟ್ಟು ಮೂರು ದಿನ. ಹುಳು ಅತಿ ಹೆಚ್ಚು ಮೇಯುವ ಕಾಲ. ನಾನು ಹೊರಗೇ ನಿಂತೆ. ಅಲ್ಲಿಂದಲೇ ಎಲ್ಲ ಹೇಳಿದೆ. ಬಾಟಲಿಯನ್ನು ಎತ್ತಿ ತೋರಿಸಿದೆ. "ನೀನು ಬರೆದದ್ದು ಸರಿ. ತಪ್ಪು ನನ್ನದು."

ಪರದೆಯ ಆಚೆಯಿಂದ ಅದನ್ನು ಒಂದು ಕ್ಷಣ ನೋಡಿದಳು.

"ನಂಗೆ ಗೊತ್ತಿತ್ತಲ್ಲ ಮಿಸ್. ಸೊಪ್ಪಿನ ತೋಟದಲ್ಲಿ ಅಂಥವು ದಿನಾ ಸಿಗೋವು. ಇದನ್ನ ನಮ್ಮಪ್ಪಂಗೆ ಹೇಳಿದ್ರೆ ಆಗ್ತಿತ್ತು."

"ತಂದೆ ಎಲ್ಲಿದ್ದಾರೆ?"

"ಹೋಗಿ ಎರಡು ವರ್ಷ ಆಯ್ತು. ನನ್ ಕೈಲಿ ಏನು ತಪ್ಪಾದ್ರೂ ಅದೇ ಮಾತು: ಹುಳಕ್ಕೂ ಹಾವಿಗೂ ವ್ಯತ್ಯಾಸ ಗೊತ್ತಿಲ್ಲ ಅಂತ ಮಿಸ್ಸೇ ಹೇಳವ್ರೆ ಇವ್ಳಿಗೆ. ಬೀಗರ ಮುಂದೂ ಅಂದು ನಗೋರು. ಅವ್ರ್ದೇನು ತಪ್ಪು? ನಿಮ್ಮನ್ನ ನಂಬಿದ್ರು." ಆಮೇಲೆ ಕೇಳಿದಳು: "ನನ್ ಪೇಪರ್ ತಿದ್ದೋವಾಗ ಒಂದ್ಸಲ ಹೋಗಿ ತಟ್ಟೆ ನೋಡಿದ್ರಾ?"

"ಇಲ್ಲ."

"ಹೂಂ."

ಬಾಟಲಿಯನ್ನು ಅವಳಿಗೇ ಕೊಡಬೇಕೆಂದು ತಂದಿದ್ದೆ. ಚಾಚಿದೆ. ಅವಳು ತಲೆಯಾಡಿಸಿದಳು.

"ಬೇಡ ಮಿಸ್. ಸೊಪ್ಪು ಹಾಕೋ ಹೊತ್ತಾಯ್ತು. ಕಾಫಿ ಕುಡೀಬೇಕಂದ್ರೆ ಮನೇಲಿ ಅತ್ತೆ ಅವ್ರೆ." ಒಳಗೆ ಹೋದಳು. ಸೊಪ್ಪಿನ ಸದ್ದು ಇನ್ನೂ ಜೋರಾಯಿತು. ನಾನು ಕಾಫಿಗೆ ನಿಲ್ಲಲಿಲ್ಲ.

ಮನೆಗೆ ಬಂದು ಹಳೆಯ ಅಳತೆಯಲ್ಲೇ ಒಂದು ಚೀಟಿ ಕತ್ತರಿಸಿ ಬರೆದೆ. ವಂಶ: ಕಶೇರುಕ. ವರ್ಗ: ಸರೀಸೃಪ. ಹೆಸರು: ಹುಳುಹಾವು. ಗುರುತಿಸಿದವರು ಎಂಬಲ್ಲಿ ಅವಳ ಹೆಸರು ಬರೆದೆ. ಅಂಟು ಹಚ್ಚಿ, ಅಂಚು ನೆಟ್ಟಗೆ ಬರುವಂತೆ ಒತ್ತಿದೆ. ಇಡಲು ಈಗ ಬೀರು ಇಲ್ಲ. ಬಾಟಲಿ ಅಡುಗೆಮನೆಯ ಕಿಟಕಿಯಲ್ಲಿದೆ. ಬಂದವರು ಅದೇನೆಂದು ಕೇಳುತ್ತಾರೆ. ಚೀಟಿ ಓದಿ ಎನ್ನುತ್ತೇನೆ. ಓದುತ್ತಾರೆ, ಮತ್ತೆ ಬಾಟಲಿ ನೋಡುತ್ತಾರೆ. "ಎರೆಹುಳ ಅಲ್ವಾ?" ಎನ್ನುತ್ತಾರೆ.