ಮೂಲೆ ಹರಿದ ಲಕೋಟೆ

ಹನ್ನೊಂದು ಗಂಟೆಯೊಳಗೆ ಎಪ್ಪತ್ತು ರೊಟ್ಟಿ ಆಗಬೇಕಿತ್ತು. ಚಂದ್ರವ್ವ ನಲವತ್ತನೆಯ ರೊಟ್ಟಿಯ ಆಚೀಚೆ ಇದ್ದಾಗ ಪೋಸ್ಟ್‌ಮನ್ ಪಂಢರಿನಾಥ ಖಾನಾವಳಿಯ ಮುಂದೆ ಸೈಕಲ್ ನಿಲ್ಲಿಸಿದ. ಎಂದಿನಂತೆ ಬೆಲ್ ಬಾರಿಸಲಿಲ್ಲ. ಕಟ್ಟೆಯ ಮೇಲೆ ಒಂದು ಲಕೋಟೆ ಇಟ್ಟು, ಅವಳ ಮುಖ ನೋಡದೆ ಹೋದ. ಚಂದ್ರವ್ವ ಕೈಯ ಹಿಟ್ಟು ಒರೆಸಿಕೊಂಡು ಬಂದು ನೋಡಿದಳು. ನೀಲಿ, ಕೆಂಪು ಅಂಚಿನ ಪರದೇಶದ ಲಕೋಟೆ. ಬಲಗಡೆಯ ಮೇಲಿನ ಮೂಲೆ ಹರಿದಿತ್ತು.

ಅದು 1978ರ ಡಿಸೆಂಬರ್ 21. ಲಕೋಟೆ ಡೇನಿಯಲ್‌ನದು. ಇಪ್ಪತ್ಮೂರು ವರ್ಷದ ಈ ಕೆನಡಾದ ಹುಡುಗ ಜೂನ್ ತಿಂಗಳಲ್ಲಿ ಮಿಷನ್ನಿನ ದವಾಖಾನೆಯ ಕೆಲಸಕ್ಕೆಂದು ಖಾನಾಪುರಕ್ಕೆ ಬಂದಿದ್ದ. ಚಂದ್ರವ್ವನ ಹಿತ್ತಲಿನ ಕೋಣೆಯಲ್ಲಿ ಇರುತ್ತಿದ್ದ, ಎರಡು ಹೊತ್ತು ಅವಳ ಖಾನಾವಳಿಯಲ್ಲೇ ಉಣ್ಣುತ್ತಿದ್ದ. ಅವನ ಹೆಸರು ಅವಳ ಬಾಯಲ್ಲಿ ದಾನಯ್ಯ ಆಗಿತ್ತು. ಅವನಿಗೆ ಬಂದಿದ್ದ ಕನ್ನಡವೆಲ್ಲ ಅವಳ ಒಲೆಯ ಮುಂದೆ ಕಲಿತದ್ದು.

ಸಾವಿನ ಸುದ್ದಿ ಬರೆದ ಕಾಗದದ ಮೂಲೆ ಹರಿದು ಅಂಚೆ ಡಬ್ಬಿಗೆ ಹಾಕುವುದು ಈ ಸೀಮೆಯ ರೂಢಿ. ಓದು ಬಾರದವರಿಗೂ ಕೈಗೆ ಬಂದ ಕೂಡಲೇ ತಿಳಿಯಲಿ ಎಂದು. ಅಂಥ ಕಾಗದವನ್ನು ಹೊಸ್ತಿಲು ದಾಟಿಸುವುದಿಲ್ಲ. ಹೊರಗೇ ಓದಿಸಿ, ಹರಿದು ಚೆಲ್ಲಿ, ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ. ಕೊರಳಲ್ಲಿ ಲಿಂಗ ಇದ್ದವರಿಗೆ ಸೂತಕವಿಲ್ಲ ಎಂದು ಮಠದ ಅಯ್ಯನವರು ಹೇಳುವುದನ್ನು ಚಂದ್ರವ್ವ ಎಷ್ಟೋ ಸಲ ಕೇಳಿದ್ದಳು. ಆದರೂ ಲಕೋಟೆಯನ್ನು ಒಳಗೆ ತರಲಿಲ್ಲ. ಹಿತ್ತಲಿಗೆ ಒಯ್ದು, ಕಟ್ಟಿಗೆ ಒಟ್ಟಿದ್ದ ಚಪ್ಪರದ ಹಂಚಿನ ಸಂದಿಯಲ್ಲಿ ಸಿಕ್ಕಿಸಿ, ಕೈಕಾಲು ತೊಳೆದು ಬಂದು ಮತ್ತೆ ರೊಟ್ಟಿ ಬಡಿಯಲು ಕುಳಿತಳು.

ಅವಳ ಜೊತೆ ರೊಟ್ಟಿ ಬೇಯಿಸುತ್ತಿದ್ದ ಅಕ್ಕವ್ವ ಎಲ್ಲ ನೋಡಿದ್ದಳು. "ಯಾರದ?"

"ದಾನಯ್ಯಂದು."

"ಅವರಪ್ಪಗ ಎದಿಬ್ಯಾನಿ ಅಂತ ದೀಪಾವಳ್ಯಾಗ ಹೇಳಿದ್ನಲ್ಲs."

"ಗೊತ್ತೈತಿ. ಸುಮ್ನ ರೊಟ್ಟಿ ಬೇಸು."

ಮಧ್ಯಾಹ್ನ ಡೇನಿಯಲ್ ಬಂದು ಚಪ್ಪಲಿ ಬಿಡುತ್ತಲೇ ಕೇಳಿದ: "ಚಂದ್ರವ್ವಾ, ಟಪಾಲ ಬಂತೇನ್ರಿ?"

ಐದು ವಾರದಿಂದ ಅವನದು ಇದೇ ಪ್ರಶ್ನೆ. ಚಂದ್ರವ್ವ ಬದನೆಕಾಯಿ ಪಲ್ಯ ಬಡಿಸುತ್ತ, "ಇಲ್ಲೋ ತಮ್ಮಾ," ಅಂದಳು.

ಅವಳಿಗೆ ಆಗ ಐವತ್ತೆರಡು. ನಂದಗಡದ ಹತ್ತಿರದ ತವರಿನಿಂದ ಹದಿನೈದಕ್ಕೆ ಖಾನಾಪುರಕ್ಕೆ ಸೊಸೆಯಾಗಿ ಬಂದವಳು. ಇಪ್ಪತ್ತನೆಯ ವಯಸ್ಸಿನಲ್ಲಿ, ಪಂಚಮಿ ದಿನ, ತವರಿಗೆ ಕರೆಯಲು ಅಣ್ಣ ಈರಣ್ಣ ಬರುತ್ತಾನೆಂದು ಹೊಸ ಸೀರೆ ಉಟ್ಟು ಬಾಗಿಲಲ್ಲಿ ಕುಳಿತಿದ್ದಳು. ಕೈಯಲ್ಲಿ ಶೇಂಗಾದ ಉಂಡಿ ಇತ್ತು. ಅಣ್ಣ ಬರಲಿಲ್ಲ, ಮೂಲೆ ಹರಿದ ಕಾರ್ಡು ಬಂತು. ಉಂಡಿಯನ್ನು ಆಮೇಲೆ ಯಾರು ಕೈಯಿಂದ ಬಿಡಿಸಿದರೋ ನೆನಪಿಲ್ಲ. ಅಂದಿನಿಂದ ಪಂಚಮಿಗೆ ಅವಳು ಉಂಡಿ ಕಟ್ಟುತ್ತಾಳೆ, ತಿನ್ನುವುದಿಲ್ಲ. ಗಂಡ ಬಸಲಿಂಗಪ್ಪ ತೀರಿಕೊಂಡ ಮೇಲೆ ಖಾನಾವಳಿ ತೆರೆದು ಹದಿನಾರು ವರ್ಷವಾಗಿತ್ತು. ಪರವೂರಿನಿಂದ ಬಂದ ಎಷ್ಟೋ ಮಾಸ್ತರರು, ಗುಮಾಸ್ತರು ಅಲ್ಲಿ ಉಂಡಿದ್ದರು. ಹಬ್ಬದ ಊಟ ಯಾರದೂ ಕೆಡಬಾರದು ಎಂಬುದು ಅವಳ ಹಟ.

ಹುಡುಗನ ದೊಡ್ಡ ಹಬ್ಬ ಕ್ರಿಸ್ಮಸ್ಸಿಗೆ ನಾಲ್ಕು ದಿನ ಉಳಿದಿತ್ತು. ಮನೆ ಬಿಟ್ಟು ಮಾಡುವ ಮೊದಲ ಹಬ್ಬ. ಬೆಳಗಾವಿಯ ಮಿಷನ್ ಬಂಗಲೆಯವರು ಕರೆದರೂ ಅವನು ಹೋಗುವವನಿರಲಿಲ್ಲ. ಖಾನಾಪುರದ ಆರು ಕ್ರೈಸ್ತ ಮನೆಯವರ ಪ್ರಾರ್ಥನೆ ನಡೆಸಲು ಬೇರೆ ಯಾರೂ ಇರಲಿಲ್ಲ. ಉಂಡ ಮೇಲೆ ಕೊಡೋಣ ಎಂದು ಚಂದ್ರವ್ವ ನಿಶ್ಚಯಿಸಿದಳು.

ನಿಶ್ಚಯ ಸುಲಭ, ನಾಲ್ಕು ದಿನ ಕಳೆಯುವುದು ಸುಲಭವಿರಲಿಲ್ಲ. ಶುಕ್ರವಾರ ಪಂಢರಿನಾಥನನ್ನು ಗಲ್ಲಿಯ ತಿರುವಿನಲ್ಲಿ ತಡೆದಳು.

"ಅಣ್ಣಾ, ಮೂಲಿ ನಿಮ್ಮ ಕೈಯಾಗ ಬಂದಾಗೂ ಹಂಗs ಇತ್ತೇನ?"

"ಖರೇ ಹೇಳ್ತೀನಿ ಅಕ್ಕಾ, ಟಪಾಲ ಥೈಲಿ ಬಿಚ್ಚಿದಾಗs ಹಂಗಿತ್ತು. ಬೆಲ್ ಹೊಡ್ಯಾಕ ಮನಸ್ಸಾಗ್ಲಿಲ್ಲ. ಹುಡುಗಗ ಕೊಟ್ಟಿಯೇನ ಮತ್ತ?"

"ಹಬ್ಬ ಆಗ್ಲಿ."

"ಪರರ ಟಪಾಲ ಬಚ್ಚಿಡೂದು ಗುನ್ಹೆ ಐತಿ, ನೋಡ ಮತ್ತ," ಅಂದ ಪಂಢರಿನಾಥ. ಚೀಲ ಹೆಗಲಿಗೇರಿಸಿಕೊಂಡು, "ನಾ ಏನೂ ಕೇಳಿಲ್ಲ," ಎಂದು ಸೈಕಲ್ ಏರಿದ.

ದಿನಕ್ಕೆ ನಾಲ್ಕು ಸಲ ಅವಳು ಹಿತ್ತಲಿಗೆ ಹೋಗಿ ಹಂಚಿನ ಸಂದಿ ನೋಡಿದಳು. ಇಬ್ಬನಿಗೆ ನೆನೆದೀತು, ಇಲಿ ಕಡಿದೀತು ಎಂಬ ಭಯ. ಅಕ್ಕವ್ವ ಬಿಡಲಿಲ್ಲ. "ಇಷ್ಟ ಸಲ ಹಿತ್ತಲಕ್ಕ ಹೋದ್ರ ಊರ ಮಂದಿ ಹೊಟ್ಟಿ ಕೆಟ್ಟೈತಿ ಅಂತಾರ ನಿಂದು. ಖಾನಾವಳಿಗಿ ಒಬ್ಬರೂ ಬರೂದಿಲ್ಲ." ಚಂದ್ರವ್ವ ನಗಲಿಲ್ಲ. ಹುಡುಗ ನಾಲ್ಕು ರೊಟ್ಟಿಯಿಂದ ಎರಡಕ್ಕೆ ಇಳಿದಿದ್ದ. ಭಾನುವಾರ ಒಂದೂವರೆ ತಿಂದ.

ಸೋಮವಾರ, ಇಪ್ಪತ್ತೈದು. ಗಿರಾಕಿಗಳಿಗೆ ರಜೆ ಹೇಳಿ ಚಂದ್ರವ್ವ ಹೋಳಿಗೆ ಮಾಡಿದಳು, ಕಟ್ಟಿನ ಸಾರು ಕುದಿಸಿದಳು. ಮುಂಜಾನೆಯೇ ಆರಿಹೋಗಿದ್ದ ಬಚ್ಚಲೊಲೆಗೆ ಮತ್ತೆ ಉರಿ ಹಾಕಿ ಹಂಡೆ ತುಂಬ ನೀರು ಕಾಯಿಸಿಟ್ಟಳು. ಸುದ್ದಿ ತಿಳಿದ ಮೇಲೆ ಹುಡುಗನ ತಲೆಗೆ ಹಾಕಬೇಕಲ್ಲ. ಪ್ರಾರ್ಥನೆ ಮುಗಿಸಿ ಡೇನಿಯಲ್ ಬಂದಾಗ ಹನ್ನೆರಡೂವರೆ. ಬಿಳಿ ಅಂಗಿ ತೊಟ್ಟಿದ್ದ. ಹೋಳಿಗೆಯ ಮೇಲೆ ತುಪ್ಪ ಬಿತ್ತು. ಅವನು ಒಂದು ತುತ್ತು ಮುರಿದು ಹಾಗೇ ಹಿಡಿದು ಕುಳಿತ.

"ಉಣ್ಣಪಾ."

"ಮನ್ಯಾಗ ಏನರ ಆಗೇತಿ ಅನಸ್ತೈತ್ರಿ. ನಮ್ಮವ್ವ ಹಬ್ಬಕ್ಕ ಬರೀಲಾರದs ಇರೂದಿಲ್ಲ."

ಅವನ ಕೈಯಲ್ಲಿದ್ದ ತುತ್ತನ್ನು ಚಂದ್ರವ್ವ ನೋಡಿದಳು. ಊಟ ಕೆಡದಿರಲೆಂದು ಬಚ್ಚಿಟ್ಟದ್ದರಿಂದಲೇ ಊಟ ಕೆಟ್ಟಿತ್ತು. ಹಿತ್ತಲಿಗೆ ಹೋಗಿ ಲಕೋಟೆ ತಂದು ಹೊಸ್ತಿಲ ಆಚೆ ನಿಂತಳು.

"ಕೈ ತೊಳ್ಕೊಂಡ ಹೊರಗ ಬಾ ತಮ್ಮಾ. ಗುರುವಾರ ಬಂದೈತಿ. ನಾನs ಕೊಟ್ಟಿಲ್ಲ. ಧೈರ್ಯಾ ತಗೋ."

ಡೇನಿಯಲ್ ನಿಂತೇ ಓದಿದ. ಅಕ್ಕವ್ವ ಸೆರಗು ಬಾಯಿಗೆ ಹಿಡಿದಿದ್ದಳು. ಅವನು ಮೊದಲು ನಕ್ಕ, ಆಮೇಲೆ ಹಾಳೆ ತಿರುಗಿಸಿ ಹುಡುಕತೊಡಗಿದ.

"ಅಪ್ಪ ಆರಾಮ ಆಗ್ಯಾನ್ರಿ. ಟ್ರ್ಯಾಕ್ಟರ್ ಹೊಡ್ಯಾಕತ್ಯಾನ."

"ಮತ್ತ ಮೂಲಿ?"

ರೂಢಿಯನ್ನು ಅವನಿಗೆ ತಿಳಿಸಿ ಹೇಳಲು ಹೊತ್ತು ಹಿಡಿಯಿತು. ಪರದೇಶದ ಸ್ಟಾಂಪಿನ ಆಸೆಗೆ ದಾರಿಯಲ್ಲಿ ಯಾರೋ ಹರಿದುಕೊಂಡಿರಬೇಕು ಎಂದ ಅವನು. ಸ್ಟಾಂಪಿನ ಜೊತೆ ಒಳಗಿನ ಹಾಳೆಯ ಮೂಲೆಯೂ ಹೋಗಿತ್ತು. ಕ್ರಿಸ್ಮಸ್ ದಿನ ಬೆಳಗಾವಿಯ ಬಂಗಲೆಗೆ ಫೋನ್ ಮಾಡುತ್ತೇವೆ ಎಂದು ತಾಯಿ ಬರೆದಿದ್ದಳು. ಎಷ್ಟು ಗಂಟೆಗೆ ಎಂಬುದು ಹರಿದ ತುಂಡಿನಲ್ಲಿತ್ತು.

"ಅಲ್ಲಿ ನಮಗಿಂತ ಅರ್ಧಾ ದಿನ ಹಿಂದ್ರಿ. ಅವರ ಹಬ್ಬದ ಹಿಂದಿನ ಸಂಜಿ ಅಂದ್ರ ಇವತ್ತ ಮುಂಜಾನಿ, ಆಗಿ ಹೋಗೇತಿ. ಹಬ್ಬದ ಮುಂಜಾನಿ ಅಂದ್ರ ಇವತ್ತ ಸಂಜಿ," ಎಂದ ಡೇನಿಯಲ್.

ಚಂದ್ರವ್ವ ಹೋಳಿಗೆಯನ್ನು ಡಬ್ಬಿಗೆ ತುಂಬಿದಳು. ಹಂಡೆಯ ನೀರು ಹಾಗೇ ಉಳಿಯಿತು. ಎರಡು ಗಂಟೆಯ ಬೆಳಗಾವಿ ಬಸ್ಸಿಗೆ ಇಬ್ಬರೂ ಹತ್ತಿದರು. ದಾರಿಯುದ್ದಕ್ಕೂ ಅವಳು ಡಬ್ಬಿಯನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದಳು. "ಗುರುವಾರನs ಕೊಟ್ಟಿದ್ರ..." ಎಂದು ಎರಡು ಸಲ ಶುರು ಮಾಡಿ ಬಿಟ್ಟಳು. ಅವನು ಕಿಟಕಿಯ ಆಚೆ ನೋಡುತ್ತಿದ್ದ.

ಬಂಗಲೆಯ ಕಾವಲುಗಾರ ಸಾತಪ್ಪ ಗೇಟು ತೆರೆಯುತ್ತಲೇ ಡೇನಿಯಲ್ ಫೋನಿನ ಬಗ್ಗೆ ಕೇಳಿದ. ಸಾತಪ್ಪ ಹೇಳಿದ: "ಮುಂಜಾನಿ ಎಂಟರ ಸುಮಾರ ಎರಡ ಸಲ ಫೋನ್ ಬಂತ್ರಿ. ಎಲ್ಲಾರೂ ಚರ್ಚಿಗಿ ಹೋಗಿದ್ರು. ನಾ ಓಡಿ ಬಂದ ಎತ್ತೂದ್ರಾಗ ಕಟ್ ಆತು."

"ಎಲ್ಲಿಂದ ಅಂತ ಗೊತ್ತಿಲ್ಲೇನ?" ಚಂದ್ರವ್ವ ಕೇಳಿದಳು.

"ಎತ್ತಿದ್ರ ಗೊತ್ತಾಗತಿತ್ತವಾ."

ಡೇನಿಯಲ್ ಫೋನಿನ ಪಕ್ಕದ ಕುರ್ಚಿಯಲ್ಲಿ ಕುಳಿತ. ಚಂದ್ರವ್ವ ಪಡಸಾಲೆಯ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಳು. ನಾಲ್ಕಾಯಿತು, ಐದಾಯಿತು. ಬಂಗಲೆಯವರು ಚಹಾ ಕೊಟ್ಟರು. ಆರು ಗಂಟೆಗೆ ಒಮ್ಮೆ ಫೋನು ರಿಂಗಾಯಿತು. ಯಾರೋ ದವಾಖಾನೆ ಎಂದುಕೊಂಡು ತಪ್ಪು ನಂಬರಿಗೆ ಮಾಡಿದ್ದರು. ಚಂದ್ರವ್ವ ಸೆರಗಿನೊಳಗೆ ಲಿಂಗ ಹಿಡಿದುಕೊಂಡಿದ್ದಳು. ಹೋಳಿಗೆಯ ಡಬ್ಬಿ ತೆರೆಯಲೇ ಇಲ್ಲ.

ಏಳು ಗಂಟೆ ಹತ್ತು ನಿಮಿಷಕ್ಕೆ ಕೆನಡಾದಿಂದ ಕರೆ ಬಂತು. ಮಾತು ಮೂರು ನಿಮಿಷ ನಡೆಯಿತು. ಎಂಟೂವರೆಯ ಕೊನೆಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಇಬ್ಬರೂ ಹೋಳಿಗೆ ತಿನ್ನುತ್ತ ಖಾನಾಪುರದ ತನಕ ನಿಂತೇ ಬಂದರು.