ಅಕ್ಕೋರು ಕಳಿಸಿದ ಕಂಪ್ಯೂಟರ್

ಮೊನ್ನೆ ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದಾಗ ಧೂಳಿಗಿಂತ ಮೊದಲು ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ಸೀರೆಯ ಟ್ರಂಕಿನಲ್ಲಿ ಇಡುವ ಗುಳಿಗೆಯನ್ನು ಕಂಪ್ಯೂಟರಿನ ಸಾಮಾನಿಗೂ ಇಡುತ್ತಿದ್ದವರು ನಾನು ಕಂಡಂತೆ ಒಬ್ಬರೇ... ಹುಮನಾಬಾದಿನ ನಮ್ಮ ಟೈಪಿಂಗ್ ಅಕ್ಕೋರು.

ಅವರ ಇನ್‌ಸ್ಟಿಟ್ಯೂಟಿನಲ್ಲೇ ಕಲಿತು, ಅಲ್ಲೇ ಕೆಲಸಕ್ಕೂ ಇದ್ದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ಅವರ ಗುಮಾನಿ ಮಾತ್ರ ಹೋಗಲಿಲ್ಲ. ಪೆನ್‌ಡ್ರೈವ್ ತಂದವರ ಮೇಲೆ ಗುಮಾನಿ, ಡೌನ್‌ಲೋಡ್ ಎಂದು ಮಿನುಗುವ ಹಸಿರು ಬಟನ್ನುಗಳ ಮೇಲೆ ಗುಮಾನಿ, ಕರೆಯದೆ ಬಂದರೆ ಚಹಾದವನ ಮೇಲೂ ಗುಮಾನಿ. ನೆಟ್‌ವರ್ಕ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಅದರ ಡ್ರೈವರ್, ಕೆಟ್ಟರೆ ನೆಟ್ ಇಲ್ಲ; ನೆಟ್ ಇಲ್ಲದೆ ಹೊಸ ಡ್ರೈವರ್ ಇಳಿಸಿಕೊಳ್ಳುವಂತೆಯೂ ಇಲ್ಲ. ಅದಕ್ಕೇ ಡ್ರೈವರಿನ ಸಿಡಿಯೊಂದನ್ನು ಅರಿವೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಕಪಾಟಿನಲ್ಲಿಟ್ಟು ಬೀಗ ಜಡಿಯುತ್ತಿದ್ದರು. ಅದನ್ನು ಕೊಡುವ ಮುಂಚೆ ಪ್ರತಿ ಸಲವೂ ಒಂದೇ ಪಾಠ.

"ಸ್ಕ್ರೀನ್ ಹೇಳಿದ್ದು ನಂಬಬ್ಯಾಡ. ಮೊದ್ಲ ಕಂಪ್ಯೂಟರಿನ ಡಬ್ಬಿ ಬಿಚ್ಚು, ಕಾರ್ಡಿನ ಮ್ಯಾಲಿನ ನಂಬರ್ ನಿನ್ ಕಣ್ಣಿಲೆ ನೋಡು."

ನಾನು ಬಸವಕಲ್ಯಾಣದಲ್ಲಿ ಸ್ವಂತ ಕಂಪ್ಯೂಟರ್ ಅಂಗಡಿ ಹಾಕಿದ ವಾರವೇ ಆ ಸಿಡಿ ಕಾಣೆಯಾಯಿತು. ಅವರು ಬೈಯಲಿಲ್ಲ. ಹೊಸ ಅಂಗಡಿ ನೋಡಲು ಬನ್ನಿ ಎಂದು ಕರೆಯಲು ಹೋದರೆ ಚಹಾ ಕೊಟ್ಟು, ಖಾಲಿ ಲೋಟ ಇಸಿದುಕೊಳ್ಳುತ್ತಾ ಕೇಳಿದರು.

"ಆ ಸಿಡಿ ತಾನಾಗೇ ನಡ್ಕೊಂತ ಕಲ್ಯಾಣಕ್ಕ ಹೋಯ್ತೇನು?"

ತೆಗೆದುಕೊಂಡಿಲ್ಲವೆಂದು ಆಣೆ ಮಾಡಿದೆ. ನನ್ನ ಆಣೆಯನ್ನೂ ಅವರು ಹಸಿರು ಬಟನ್ನಿನ ಸಾಲಿಗೇ ಸೇರಿಸಿದರು. ಕಲಿಸಿದವರ ಕಣ್ಣಲ್ಲೇ ಕಳ್ಳನಾಗುವುದು ಎಂಥ ಸಂಕಟವೆಂದು ಅನುಭವಿಸಿದವರಿಗೇ ಗೊತ್ತು. ಆಮೇಲೆ ಹುಮನಾಬಾದಿಗೆ ಹೋದರೂ ಆ ಓಣಿಗೆ ಕಾಲಿಡಲಿಲ್ಲ.

ಅವರು ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಒಂದು ದಿನ ಹುಮನಾಬಾದಿನ ಬಸ್ಸಿನ ಕಂಡಕ್ಟರ್ ಈ ಕಂಪ್ಯೂಟರನ್ನು ಇಳಿಸಿ ಹೋದ. ಅಕ್ಕೋರು ಕಳಿಸಿದ್ದಾರೆ, ಬಿಚ್ಚಿ ನೋಡಬೇಕಂತೆ, ಎಂದಷ್ಟೇ ಹೇಳಿದ. ಈಗ ಗುಮಾನಿ ಪಡುವ ಸರದಿ ನನ್ನದು. ಸಿಡಿ ಒಯ್ದವನು ಡಬ್ಬಿಯನ್ನೂ ಇಟ್ಟುಕೊಳ್ಳಲಿ ಎಂದು ಚುಚ್ಚುತ್ತಿದ್ದಾರೆ ಅನ್ನಿಸಿತು. ಸಿಟ್ಟಿಗೆ ಅದನ್ನು ಟೇಬಲ್ಲಿನ ಕೆಳಗೆ ತಳ್ಳಿದೆ. ಮರುವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ದೂರ ನಿಂತು ಬಂದೆ...

ಮೊನ್ನೆ ದಿನಬಳಕೆಯ ಕಂಪ್ಯೂಟರ್ ಕೈಕೊಟ್ಟಿತು. ಪಹಣಿ ತೆಗೆಸಲು ಬಂದ ನಾರಾಯಣಪುರದ ಕಾಕಾ ಬೆಂಚಿನ ಮೇಲೆ ಕೂತಿದ್ದರು. ಬೇರೆ ದಾರಿ ಕಾಣದೆ ಟೇಬಲ್ಲಿನ ಕೆಳಗಿನದನ್ನು ಎಳೆದು ಚಾಲೂ ಮಾಡಿದೆ. ಚಾಲೂ ಆಯಿತು, ನೆಟ್ ಬರಲಿಲ್ಲ, ಡ್ರೈವರ್ ಇಲ್ಲ. ಮೊಬೈಲಿನಲ್ಲಿ ಹುಡುಕೋಣವೆಂದರೂ ಯಾವ ಕಾರ್ಡೆಂದು ತಿಳಿಯಬೇಕಲ್ಲ, ಪಾಠ ನೆನಪಾಗಿ ಡಬ್ಬಿ ಬಿಚ್ಚಿದೆ.

ಕಾರ್ಡಿನ ಪಕ್ಕದಲ್ಲೇ, ಅವರ ಕುಪ್ಪಸದ ಅರಿವೆಯಲ್ಲಿ ಸುತ್ತಿ ಟೇಪು ಹಚ್ಚಿದ ಒಂದು ಗಂಟಿತ್ತು. ಒಳಗೆ ಅದೇ ಸಿಡಿ. ಗುಳಿಗೆ ಕರಗಿಹೋಗಿ ವಾಸನೆಯಷ್ಟೇ ಉಳಿದಿತ್ತು. ಎಲ್ಲಿ ಸಿಕ್ಕಿತ್ತೋ, ಯಾವಾಗ ಸಿಕ್ಕಿತ್ತೋ... ನಾನು ಕಳ್ಳನಲ್ಲವೆಂದು ಅವರಿಗೆ ತಿಳಿದಿತ್ತು. ಅದನ್ನು ಬಾಯಿಬಿಟ್ಟು ಹೇಳಲಾಗದೆ, ತಮ್ಮ ಪಾಠ ಮರೆಯದಿದ್ದರೆ ನಾನು ಮೊದಲು ಕೈ ಹಾಕುವ ಜಾಗದಲ್ಲೇ ಇಟ್ಟು ಕಳಿಸಿದ್ದರು. ನನಗೆ ಅಳು ಬಂತು, ಕಾಕಾನಿಗೆ ಧೂಳು ಎಂದೆ.

ಸಿಡಿ ಹಾಕಿದೆ. ಸ್ವಲ್ಪ ಹೊತ್ತು ಗರಗರ ಸದ್ದು ಮಾಡಿ ಡ್ರೈವರ್ ಕೂತಿತು, ನೆಟ್ ಬಂತು. ಕಾಕಾ ಪಹಣಿ ಮಡಚಿಕೊಳ್ಳುತ್ತಾ ಆ ಸಾಮಾನು ಎಲ್ಲಿಂದ ತರಿಸಿದಿರಿ ಎಂದು ಕೇಳಿದರು. ಹುಮನಾಬಾದಿನಿಂದ ನಮ್ಮ ಅಕ್ಕೋರು ಕಳಿಸಿದ್ದು ಎಂದೆ.

"ಹಂಗಾದ್ರ ಮುಟ್ಯದಂತ ಒಂದ್ ಫೋನ್ ಹಚ್ಚಿ ಹೇಳ್ರಿ," ಎಂದರು ಕಾಕಾ. "ಪಾಪ, ದಾರಿ ನೋಡಾಕತ್ತಿರ್ತಾರ."