ಅಪ್ಪನ ಹೂಂ, ನನ್ನ ಮುಂಜಾವು

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅರ್ಧ ಓದುವಷ್ಟರಲ್ಲಿ ನೀವೂ ನನ್ನ ಹಾಗೆ ಪತ್ರಿಕೆಯ ಸಂಪಾದಕರನ್ನು ಬೈಯಲು ಶುರು ಮಾಡುತ್ತೀರಿ. ಪಾಪ, ಅವರದೇನೂ ಇರಲಿಲ್ಲ. ಜನ ನಗುತ್ತಿದ್ದದ್ದು ನನ್ನ ಗಂಟಲಿಗೆ. ನಾನು ಅದನ್ನು ನನ್ನ ಬರಹಕ್ಕೆ ಸಂದ ಗೌರವ ಎಂದುಕೊಳ್ಳುತ್ತಿದ್ದೆ. ಈ ಮೂರ್ಖತನವನ್ನು ವರ್ಷಕ್ಕೂ ಮೇಲೆ, ಬಹಳ ಶಿಸ್ತಿನಿಂದ, ದಿನಾ ನಸುಕಿನಲ್ಲಿ ಎದ್ದು ಮಾಡಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗಂಗಾವತಿಯಲ್ಲಿ ಅಪ್ಪನದು ಭತ್ತ ಕೊಳ್ಳುವ ಅಂಗಡಿ. ಅಣ್ಣ ಅಲ್ಲಿ ಅಪ್ಪನ ಬಲಗೈ. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ, ಯಾರಾದರೂ ಕೇಳಿದರೆ ಕತೆಗಾರ ಎನ್ನುತ್ತಿದ್ದೆ. ಊರಿಗೆ ನಾನು ಬೇಕಾಗಿದ್ದದ್ದು ಬೇರೆ ಕಾರಣಕ್ಕೆ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೆಯೇ ತೆಗೆಯುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಮೂಗಿನಿಂದ “ಕೊಪ್ಪಳಾ, ಕೊಪ್ಪಳಾ” ಎಂದು ಕೂಗುವವನು, ಯಲಬುರ್ಗಾದಿಂದ ಬಂದ ಸೋದರತ್ತೆ ಹೊಸ್ತಿಲು ದಾಟುವ ಮೊದಲೇ ಶುರು ಮಾಡುವ ಅಳು, ಪೇಟೆಯಲ್ಲಿ ಗಂಟಲು ಸರಿಮಾಡಿಕೊಂಡೇ ಸುಳ್ಳು ಹೇಳುವ ಮಿಲ್ಲಿನ ಮಾಲೀಕ, ಎಲ್ಲರೂ ನನ್ನೊಳಗಿದ್ದರು. ನನ್ನ ದನಿ ಯಾವುದು ಎಂದು ಕೇಳಿದರೆ ಮಾತ್ರ ತಡವರಿಸುತ್ತಿದ್ದೆ.

ಬೆಳಗಿನ ಹೊತ್ತೇ ನನಗೆ ಬೇಕಾಗಿದ್ದದ್ದು ಇದೇ ಕಾರಣಕ್ಕೆ. ಬಿಸಿಲೇರಿದರೆ ಕಿವಿ ತುಂಬ ಊರವರ ಮಾತು ಸೇರಿಕೊಂಡು, ಬರೆಯಲು ಕೂತರೆ ವಾಕ್ಯಕ್ಕೊಬ್ಬರು ಬಂದು ಹೋಗುತ್ತಿದ್ದರು. ಆದ್ದರಿಂದ ಸೂರ್ಯನಿಗಿಂತ ಮೊದಲೇ ಎದ್ದು, ಪರೀಕ್ಷೆಯ ಪ್ಯಾಡು, ಇಂಕ್ ಪೆನ್ನು ಹಿಡಿದು ಮಾಳಿಗೆ ಹತ್ತುತ್ತಿದ್ದೆ. ಅಕ್ಕಿ ಮಿಲ್ಲುಗಳ ಹೊಗೆಕೊಳವೆಯಿಂದ ಹೊಟ್ಟಿನ ಬೂದಿ ಹಾರಿಬಂದು ಹಾಳೆಯ ಮೇಲೆ ಕೂರುತ್ತಿತ್ತು. ಒಂದು ಸಾಲು ಬರೆ, ಒಮ್ಮೆ ಊದು. ಊದಿದ್ದೇ ಹೆಚ್ಚಾಗುತ್ತಿತ್ತು.

ಸಲಹೆ ಕೊಡುವವರಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಕುಷ್ಟಗಿಯಲ್ಲಿದ್ದ ನನ್ನ ಹಳೆಯ ಕನ್ನಡ ಮಾಸ್ತರು, “ನಾಕಕ್ಕ ಎದ್ದು ತಣ್ಣೀರು ಹಾಕ್ಕೊಂಡು ಕುಂದ್ರು. ಕತಿ ತಾನs ಬರತೈತಿ” ಎಂದರು. ಹಾಗೆಯೇ ಮಾಡಿದೆ. ಬಂದದ್ದು ನೆಗಡಿ. ಶ್ರೀರಾಮನಗರದ ಗೆಳೆಯನೊಬ್ಬ ತನ್ನ ತೆಲುಗು ಬೆರೆತ ಕನ್ನಡದಲ್ಲಿ, “ಕೊನೀಗೆ ಒಬ್ಬರಾದ್ರೂ ಸಾಯಬೇಕು ರಾ, ಇಲ್ಲಂದ್ರ ಯಾರು ಅಳ್ತಾರು?” ಎಂದ. ಒಂದು ಕತೆಯಲ್ಲಿ ಮುದುಕಿಯೊಬ್ಬಳನ್ನು ಸಾಯಿಸಿದೆ. ಅವ್ವ ಅದನ್ನು ಕೇಳಿ, ಆಕೆಯನ್ನು ಬದುಕಿಸುವ ತನಕ ರೊಟ್ಟಿ ಬಡಿಯುವುದಿಲ್ಲ ಎಂದು ಕೂತಳು. ಬದುಕಿಸಿದೆ.

ನನಗೆ ಹೇಳಿ ಮಾಡಿಸಿದಂಥ ಸಲಹೆ ಸಿಕ್ಕಿದ್ದು ಕೊಪ್ಪಳದಲ್ಲಿ. ಧಾರವಾಡದಿಂದ ಬಂದಿದ್ದ ಹಿರಿಯ ಲೇಖಕರೊಬ್ಬರು ಭಾಷಣದ ಕೊನೆಯಲ್ಲಿ ಕಣ್ಣು ಮುಚ್ಚಿ ಅಂದರು: “ಬರದದ್ದನ್ನ ಗಟ್ಟಿಯಾಗಿ ಓದಿ ನೋಡ್ರಿ. ಕಿವಿ ಒಪ್ಪಿದ್ರ ಕತಿ ಪಾಸ್.” ಬಸ್ಸಿನಲ್ಲಿ ಗಂಗಾವತಿ ಮುಟ್ಟುವಷ್ಟರಲ್ಲಿ ಅವರ ಸಲಹೆಯನ್ನೂ ಕಣ್ಣು ಮುಚ್ಚುವ ಗತ್ತನ್ನೂ ಪೂರ್ತಿ ನನ್ನದು ಮಾಡಿಕೊಂಡಿದ್ದೆ.

ಆಗ ಬರೆಯುತ್ತಿದ್ದ ಕತೆ ಒಬ್ಬ ಸಾಹುಕಾರನದು. ಸಾಹುಕಾರ ಎಂದರೆ ಅಪ್ಪನೇ. ಅಪ್ಪ ವ್ಯಾಪಾರದಲ್ಲಿ ಮಾತಾಡುವವನಲ್ಲ, ಹೂಂ ಅನ್ನುವವನು. ಬೇಡ ಅನ್ನುವ ಹೂಂ, ನಿನ್ನ ಮಾತು ನಂಬಿಲ್ಲ ಅನ್ನುವ ಹೂಂ, ಚಹಾ ತರಿಸು ಅನ್ನುವ ಹೂಂ. ಸಂಜೆ ಮಿಲ್ಲಿನ ಪಕ್ಕದ ಚಹಾದಂಗಡಿಯಲ್ಲಿ, ಮಂಡಕ್ಕಿ ವಗ್ಗರಣಿ-ಮಿರ್ಚಿ ತಿನ್ನುತ್ತಿದ್ದ ಗೆಳೆಯರಿಗೆ ಕತೆ ಓದಿದೆ. ಒಂದೊಂದು ಹೂಂಗೂ ಅಪ್ಪನ ದನಿ, ಅಪ್ಪನ ಗದ್ದ, ಅಪ್ಪನ ಹುಬ್ಬು. ಶ್ರೀರಾಮನಗರದವನ ಮೂಗಿನಿಂದ ಚಹಾ ಬಂತು. “ಯಾರೂ ಸಾಯಲಿಲ್ಲ, ಆದ್ರೂ ಭಲೇ ಐತಿ ರಾ!” ಎಂದ. ಅಂಗಡಿಯವನು ಮಿರ್ಚಿ ಕರಿಯುವುದನ್ನು ಬಿಟ್ಟು, “ಇನ್ನೊಂದ್ಸಲ ಹೂಂ ಅನ್ನೋ ಮಾರಾಯಾ” ಎಂದ. ಕಿವಿ ಒಪ್ಪಿತ್ತು. ಕತೆ ಪಾಸ್. ಮರುದಿನವೇ ಬೆಂಗಳೂರಿನ ಒಂದು ವಾರಪತ್ರಿಕೆಗೆ ಕಳಿಸಿದೆ.

ಅಷ್ಟು ಅವಸರಕ್ಕೆ ಕಾರಣವಿತ್ತು. ಮಗ ಮಾಳಿಗೆಯ ಮೇಲೆ ಬೂದಿ ಊದುವುದನ್ನು ನೋಡಿ ನೋಡಿ ಅಪ್ಪ ಒಂದು ಕರಾರು ಹಾಕಿದ್ದ. “ದೀಪಾವಳಿ ತನಕ ಮುಂಜಾನಿ ನಿಂದು. ಅಷ್ಟರಾಗ ಒಂದು ಕತಿ ಅಚ್ಚಾತು, ಮುಂದೂ ನಿಂದs. ಇಲ್ಲಂದ್ರ ಮುಂಜಾನಿ ಅಂಗಡಿದು.” ಮುಂಜಾನೆ ಅಂಗಡಿಗೆ ಹೋಯಿತೆಂದರೆ ನನ್ನ ಬರವಣಿಗೆಯೂ ಹೋಯಿತು ಎಂಬುದು ನನಗೆ ಗೊತ್ತಿತ್ತು.

ದೀಪಾವಳಿಗೆ ಇನ್ನೂ ವಾರವಿರುವಾಗ ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದ: “ತಗೋರಿ, ನಿಮ್ಮ ಕತಿ ಮತ್ತ ತವರಮನಿಗಿ ಬಂತು!”

ಈ ಸಲ ಹಿಂದಿನ ಹಾಗೆ ಬರೀ ಅಚ್ಚಿನ ಚೀಟಿ ಇರಲಿಲ್ಲ. ಸಂಪಾದಕರು ಕೈಬರಹದಲ್ಲಿ ಒಂದು ಸಾಲು ಬರೆದಿದ್ದರು: ಪಾತ್ರಗಳ ಮಾತಿನಲ್ಲಿ ಜೀವವಿಲ್ಲ. ಜೀವವಿಲ್ಲ! ಇಡೀ ತಾಲೂಕಿನ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡವನಿಗೆ! ಪಡಸಾಲೆಯಲ್ಲಿ ನಿಂತು ಸಂಪಾದಕರನ್ನು, ಅವರ ಕಿವಿಯನ್ನು, ಅವರ ವಂಶದವರ ಕಿವಿಗಳನ್ನು ಬೈದೆ. ಊಟ ಮುಗಿಸಿ ಗೋಡೆಗೆ ಒರಗಿದ್ದ ಅಪ್ಪ ಅಂದ:

“ಅಷ್ಟು ಛಲೋ ಐತಿ ಅಂದ್ರ ನಮಗೂ ಓದು. ಕೇಳೂಣು.”

ಅಪ್ಪನ ಹೂಂಗಳನ್ನು ಅಪ್ಪನ ಮುಂದೆಯೇ, ಅಪ್ಪನ ದನಿಯಲ್ಲಿಯೇ ಓದುವುದು ಹೇಗೆ? “ಗಂಟಲ ಬ್ಯಾನಿ” ಎಂದೆ. “ಇಷ್ಟೊತ್ತು ಬೈದಾಗ ಇದ್ದಿಲ್ಲೇನು?” ಎಂದ ಅಪ್ಪ, ಅತ್ತಿಗೆಯನ್ನು ಕರೆದ.

ಅಪ್ಪನಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ದಿನಾ ಊಟವಾದ ಮೇಲೆ ಅತ್ತಿಗೆ ಅಡುಗೆಮನೆಯ ಹೊಸ್ತಿಲ ಮೇಲೆ ಸೆರಗು ಹೊದ್ದು ಕೂತು ಪೇಪರು ಓದಿ ಹೇಳುತ್ತಿದ್ದಳು. ಕೊಲೆ, ಮಳೆ, ಭತ್ತದ ಧಾರಣೆ, ಮೂರಕ್ಕೂ ಒಂದೇ ದನಿ. ಅದೇ ದನಿಯಲ್ಲಿ ನನ್ನ ಕತೆಯನ್ನೂ ಹಿಡಿದಳು.

“ಸಾಹುಕಾರ ಅಂದ ಹೂಂ. ರೈತ ಅಂದ ಧಣೇರ ನೀವ ನೋಡ್ರಿ. ಸಾಹುಕಾರ ಅಂದ ಹೂಂ. ರೈತ ಸುಮ್ಮನಾದ. ಹೂಂ ಅಂದ ಸಾಹುಕಾರ.”

ಯಾರೂ ನಗಲಿಲ್ಲ. ಅವ್ವ ಆಕಳಿಸಿದಳು. ಒಂದು ಪುಟ ದಾಟಿದ ಮೇಲೆ ಅತ್ತಿಗೆ ತಲೆ ಎತ್ತಿ ನಿಜವಾದ ಕಾಳಜಿಯಿಂದಲೇ ಕೇಳಿದಳು: “ತಮ್ಮಾ, ಇಂವಗ ಹೊಟ್ಟಿಬ್ಯಾನಿ ಐತೇನು?”

ಅಪ್ಪ ಯೋಚಿಸಿದ. “ಹೂಂ,” ಅಂದ. ಆಮೇಲೆ, “ಯಾರಿಂವ? ಬರೇ ಹೂಂ ಅಂತಾನ. ಇಂಥಾಂವ ವ್ಯಾಪಾರ ಹೆಂಗ ಮಾಡ್ಯಾನು?”

ಅಪ್ಪ ತನ್ನನ್ನು ಗುರುತಿಸಲಿಲ್ಲ ಎಂದು ಜೀವ ಉಳಿಯಿತು. ಗುರುತಿಸಲಿಲ್ಲವಲ್ಲ ಎಂದು ಅದೇ ಜೀವ ಮತ್ತೆ ಹೋಯಿತು. ಸಿಟ್ಟೆಲ್ಲ ಅತ್ತಿಗೆಯ ಮೇಲೆ ತಿರುಗಿತು.

“ಹಂಗ ಓದಿದ್ರ ಹೆಂಗ ಅತ್ತಿಗಿ? ದನಿ ಹಚ್ಚಿ ಓದಬೇಕ್ರಿ. ನಾ ಓದಿದ್ರ ಚಹಾದಂಗಡ್ಯಾಗ ಜನ ಬಿದ್ದು ಬಿದ್ದು ನಗ್ತಾರ.”

“ಹೌದಪಾ,” ಎಂದು ಅತ್ತಿಗೆ ಹಾಳೆಗಳನ್ನು ಜೋಡಿಸಿ ಕೊಟ್ಟಳು. “ಆದ್ರ ಪೇಪರ್ ತರಿಸಿದವರ ಮನಿಮನಿಗೂ ಅದರ ಜೋಡಿ ನಿನ್ನೂ ಚೀಲದಾಗ ಕಟ್ಟಿ ಕಳಸಾಕ ಆಗತೈತೇನು?”

ಆಗ ಎಲ್ಲರೂ ನಕ್ಕರು. ಅಪ್ಪನೂ.

ದೀಪಾವಳಿ ಕಳೆಯಿತು. ಮುಂಜಾನೆ ಅಂಗಡಿಯ ಪಾಲಾಯಿತು. ಎರಡನೆಯ ದಿನವೇ ಸಿದ್ದಾಪುರದ ಕಡೆಯ ರೈತನೊಬ್ಬನಿಗೆ ನಾನು ಅವನದೇ ದನಿಯಲ್ಲಿ ಉತ್ತರ ಕೊಟ್ಟೆ. ಅವನು ಚೀಲ ಹೊತ್ತುಕೊಂಡು ಎದುರಿನ ಅಂಗಡಿಗೆ ಹೋದ. “ಇಲ್ಲಿ ಬಾಯಿ ತಗದರ ನೋಡು,” ಎಂದ ಅಪ್ಪ. ಬಾಯಿ ಮುಚ್ಚಿತು. ಮಾಡಲು ಬೇರೆ ಕೆಲಸ ಇಲ್ಲದೆ ಕಣ್ಣು ತೆರೆದುಕೊಂಡಿತು.

ಅಪ್ಪ ಚೀಲಕ್ಕೆ ಕೈ ಹಾಕಿ ಹಿಡಿ ಭತ್ತ ತೆಗೆಯುತ್ತಿದ್ದ. ಅಂಗೈಯಲ್ಲಿ ತಿಕ್ಕಿ, ಊದಿ, ಒಂದು ಕಾಳನ್ನು ಮುಂದಿನ ಹಲ್ಲಿನಲ್ಲಿ ಕಡಿಯುತ್ತಿದ್ದ. ದರ ಕೇಳುತ್ತಿರಲಿಲ್ಲ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಲು ಶುರು ಮಾಡುತ್ತಿದ್ದ. “ಎತ್ತಿಗೆ ನೀರು ಕುಡಿಸ್ದೇನು?” ಎಂದು ವಿಚಾರಿಸುತ್ತಿದ್ದ. ಮತ್ತೆ ಒರೆಸುತ್ತಿದ್ದ. ಎದುರಿಗೆ ನಿಂತ ರೈತ ಆ ಕನ್ನಡಕ ಶುದ್ಧವಾಗುವುದನ್ನು ನೋಡಿ ನೋಡಿ ಬೇಸತ್ತು, ತಾನೇ ಒಂದು ದರ ಹೇಳಿ, ತಾನೇ ಅದನ್ನು ಇಳಿಸುತ್ತಿದ್ದ. ಅಪ್ಪನಿಗೆ ಬೇಕಾದ ದರ ಬಂದಾಗಲೇ ಕನ್ನಡಕ ಮೂಗಿಗೆ ಏರುತ್ತಿತ್ತು. ಇಷ್ಟು ವರ್ಷ ನಾನು ಕೇಳಿದ್ದು ಬರೀ ಹೂಂ. ವ್ಯಾಪಾರ ನಡೆಯುತ್ತಿದ್ದದ್ದು ಆ ಧೋತರದ ಚುಂಗಿನಲ್ಲಿ.

ಮುಂದಿನ ಅಮಾವಾಸ್ಯೆಗೆ ಅಂಗಡಿ ಬಂದ್. ನನಗೆ ಸಿಕ್ಕ ಒಂದೇ ಮುಂಜಾವು. ಮಾಳಿಗೆ ಹತ್ತಿ ಕತೆಯನ್ನು ಮೊದಲಿನಿಂದ ಬರೆದೆ. ಒಂದೂ ಹೂಂ ಹಾಕಲಿಲ್ಲ. ಬರೆದದ್ದನ್ನು ದನಿ ಹಚ್ಚಿ ಓದಬೇಕೆನ್ನಿಸಿದಾಗಲೆಲ್ಲ ಬೂದಿ ಊದಿದೆ. ಗಟ್ಟಿಯಾಗಿ ಓದಿ ನೋಡಿ ಎಂದ ಧಾರವಾಡದವರು ತಪ್ಪು ಹೇಳಿರಲಿಲ್ಲ; ಯಾರು ಓದಬೇಕು ಎಂಬುದನ್ನಷ್ಟೇ ಹೇಳಿರಲಿಲ್ಲ. ಮಧ್ಯಾಹ್ನ ಹೋಳಿಗೆ ಊಟವಾದ ಮೇಲೆ ಪೇಪರಿನ ಬದಲು ಹಾಳೆಗಳನ್ನು ನಾನಾಗಿಯೇ ಅತ್ತಿಗೆಯ ಕೈಗೆ ಕೊಟ್ಟೆ.

“ದನಿ ಹಚ್ಚಲೇನು?” ಎಂದು ಕೀಟಲೆ ಮಾಡಿದಳು.

“ಬ್ಯಾಡ್ರಿ. ಕೊಲಿ ಸುದ್ದಿ ಓದಿದಂಗ ಓದ್ರಿ.”

ಓದಿದಳು, ಅದೇ ಒಣ ದನಿಯಲ್ಲಿ. ಅಪ್ಪ ಗೋಡೆಗೆ ಒರಗಿ ಕನ್ನಡಕ ಒರೆಸುತ್ತ ಕೇಳುತ್ತಿದ್ದ. ಅತ್ತಿಗೆ ಎತ್ತಿಗೆ ನೀರು ಕುಡಿಸುವ ಸಾಲಿಗೆ ಬಂದಳು. ಅಣ್ಣ ಮುಖ ಆಚೆ ತಿರುಗಿಸಿದ. ಅವನ ಭುಜ ಕುಣಿಯತೊಡಗಿತು. ಅವ್ವ ಅಪ್ಪನ ಕೈಯನ್ನೇ ನೋಡಿದಳು. ಅತ್ತಿಗೆ ಮುಂದಿನ ಸಾಲು ಓದಿದಳು: ಕನ್ನಡಕ ಮೂಗಿಗೆ ಏರುವ ತನಕ ದರ ಇಳಿಯುತ್ತಲೇ ಇತ್ತು.

ಅಪ್ಪನ ಕೈ ನಿಂತಿತು. ಧೋತರದ ಚುಂಗನ್ನು ನೋಡಿದ. ಕನ್ನಡಕವನ್ನು ನೋಡಿದ. ಹಾಕಿಕೊಳ್ಳಲೂ ಆಗದೆ, ಕೆಳಗಿಡಲೂ ಆಗದೆ ಹಿಡಿದುಕೊಂಡೇ ಕೂತ. ನನ್ನ ಕತೆಗೆ ಅದಕ್ಕಿಂತ ದೊಡ್ಡ ಬಹುಮಾನ ಆಮೇಲೂ ಸಿಕ್ಕಿಲ್ಲ; ಆದರೆ ಆ ಕ್ಷಣದಲ್ಲಿ ನಾನು ಬಾಗಿಲು ಎಷ್ಟು ದೂರವಿದೆ ಎಂದು ನೋಡುತ್ತಿದ್ದೆ.

“ಇದು ನಾನಲ್ಲೇನು?” ಎಂದ ಅಪ್ಪ.

ನಾನು, ನನ್ನದೇ ಎನ್ನಬಹುದಾದ ಒಂದು ಸಣ್ಣ ದನಿಯಲ್ಲಿ, “ಹೌದ್ರಿ ಅಪ್ಪಾ” ಎಂದೆ.

“ಇದನ್ನ ಬೆಂಗಳೂರಿಗೆ ಕಳಸಾಂವ ಅದಿಯೇನು?”

“ಕಳಸಬೇಕಂತ ಮಾಡೇನ್ರಿ. ಅಚ್ಚಾದ್ರ ನನ್ನ ಮುಂಜಾನಿ...”

ಅಪ್ಪ ಕನ್ನಡಕ ಹಾಕಿಕೊಂಡು ನನ್ನನ್ನು ನೆಟ್ಟಗೆ ನೋಡಿದ.

“ಅಚ್ಚಾಗಲಿ, ಬಿಡಲಿ, ನಾಳಿಂದ ಮುಂಜಾನಿ ಮಾಳಿಗಿ ಮ್ಯಾಲs ಕುಂದ್ರು. ಅಂಗಡಿ ಕಡಿ ಹಾಯಬ್ಯಾಡ. ನೀ ಬಂದು ನೋಡಿದಷ್ಟೂ ನನಗ ಲುಕ್ಸಾನು.”